ರೈತನಿಗೆ ಎರಡು ದಿನದ ಬಿಡುವು
(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



2023ರ ಜುಲೈ ತಿಂಗಳನ್ನು ನೀವು ಮರೆತಿರಲಾರಿರಿ. ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತ್ತು. ಸಾರಿಗೆ ಹುಣಿಸೆಹಣ್ಣೇ ಸಾಕೆಂದು ಅನೇಕ ಮನೆಗಳಲ್ಲಿ ತೀರ್ಮಾನವಾಗಿತ್ತು. ಕೇಂದ್ರ ಸರ್ಕಾರ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಿಂದ ಹಣ್ಣು ತರಿಸಿ ಈ ದೆಹಲಿ ನಗರದಲ್ಲಿ ರಿಯಾಯಿತಿ ದರಕ್ಕೆ ಮಾರಿತು. ಅದೇ ಕೋಲಾರದ ಹಣ್ಣನ್ನು, ಕೊಯ್ಲಿನ ಕೂಲಿಯೂ ಹುಟ್ಟದ ಕಾಲದಲ್ಲಿ, ರೈತ ರಸ್ತೆಬದಿಗೆ ಸುರಿದು ಹೋದದ್ದೂ ಉಂಟು.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗೆ ಸೇರಿದ ಲುಧಿಯಾನದ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಕೊಯ್ಲಿನ ಅನಂತರ ಟೊಮೆಟೊದಲ್ಲಾಗುವ ನಷ್ಟ ಶೇಕಡ 12ಕ್ಕೂ ಮಿಕ್ಕು. ಸೀಬೆಯಲ್ಲಿ ಸುಮಾರು 16. ಇದು ಕಣ್ಣಿಗೆ ಕಾಣುವ ನಷ್ಟ. ನಾಳೆಗೆ ಕೊಳೆತೀತೆಂಬ ಭಯದಿಂದ ಕೇಳಿದ ಬೆಲೆಗೆ ಕೊಟ್ಟು ಬರುವ ನಷ್ಟ ಇನ್ನೊಂದಿದೆ. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು.

ಕಿತ್ತ ಹಣ್ಣೂ ಉಸಿರಾಡುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ. ಹಣ್ಣಿನ ಆಯುಷ್ಯ ಅಷ್ಟಕ್ಕಷ್ಟು ಕುಗ್ಗುತ್ತದೆ. ಬೆಳಗಿನ ಜಾವ ಕೊಯ್ದು ನೆರಳಿಗಿಡುವುದು ಆದ್ದರಿಂದಲೇ ಕಾಸು ಖರ್ಚಿಲ್ಲದ ಮೊದಲ ಉಪಾಯ.

ಎರಡನೆಯ ಉಪಾಯ ಹುಟ್ಟಿದ್ದು ಇಲ್ಲಿಯೇ, ನಮ್ಮ ಪೂಸಾದಲ್ಲಿ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ರಾಯ್ ಮತ್ತು ಖುರ್ಡಿಯಾ ಎಂಬ ವಿಜ್ಞಾನಿಗಳು 1980ರ ದಶಕದ ಮೊದಲ ವರ್ಷಗಳಲ್ಲಿ ವಿದ್ಯುತ್ತು ಬೇಡದ ಶೀತಕೋಣೆಯೊಂದನ್ನು ರೂಪಿಸಿದರು. ಇಟ್ಟಿಗೆ ಹಾಸಿದ ನೆಲ, ಅದರ ಮೇಲೆ ಸೊಂಟದೆತ್ತರವೂ ಇಲ್ಲದ ಜೋಡಿಗೋಡೆ, ಎರಡು ಗೋಡೆಗಳ ನಡುವೆ ಏಳೂವರೆ ಸೆಂಟಿಮೀಟರು ತೆರಪು, ಆ ತೆರಪಿನ ತುಂಬ ಮರಳು. ಮೇಲೆ ಬಿದಿರು, ಹುಲ್ಲಿನ ಮುಚ್ಚಳ. ಬಿಸಿಲು ತಾಗದಂತೆ ಚಪ್ಪರ. ಬೆಳಿಗ್ಗೆ, ಸಂಜೆ ಮರಳಿಗೆ ನೀರುಣಿಸಿದರೆ ಆಯಿತು. ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಡುಬೇಸಗೆಯಲ್ಲಿ ಒಳಗೆ ಹೊರಗಿಗಿಂತ 10ರಿಂದ 15 ಡಿಗ್ರಿ ಕಡಿಮೆ ಉಷ್ಣತೆ, ಶೇಕಡ 90ರಷ್ಟು ತೇವ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದೂ ಇದೇ ತತ್ವದಿಂದ.

ಮೇ ತಿಂಗಳಲ್ಲಿ ನಿಮ್ಮ ಕಿಟಕಿಯ ಕೂಲರ್ ಸ್ವರ್ಗವಾಗಿ, ಜುಲೈ ಬಂದೊಡನೆ ಬರಿಯ ಸದ್ದಾಗುವುದನ್ನು ನೀವು ಬಲ್ಲಿರಿ. ಈ ಕೋಣೆಯ ಹಣೆಬರಹವೂ ಅದೇ. ವಿಜಾಪುರ, ಕಲಬುರ್ಗಿಗಳ ಒಣಬೇಸಗೆಗೆ ಒಪ್ಪುತ್ತದೆ, ಮಂಗಳೂರಿನ ಮಳೆಗಾಲಕ್ಕಲ್ಲ. ಕರಾವಳಿಯವರು ಸೌತೆಕಾಯಿಯನ್ನು ಅಟ್ಟದ ಅಡಿಯಲ್ಲಿ, ಗಾಳಿಯಾಡುವಂತೆ, ಒಂದಕ್ಕೊಂದು ತಾಗದಂತೆ ಕಟ್ಟಿ ತೂಗಿಸಿ ತಿಂಗಳುಗಟ್ಟಲೆ ಕಾಪಾಡಿದ್ದು ಬೇರೆಯೇ ವಿದ್ಯೆ. ಈರುಳ್ಳಿಗೂ ಗಾಳಿಯೇ ಬೇಕು. ಅದನ್ನು ಈ ತೇವದ ಕೋಣೆಗೆ ಹಾಕಿದರೆ ಮೊಳೆತು, ಕೊಳೆತು ಹೋಗುತ್ತದೆ.

ಸಾಗಣೆಯ ಮಾತು. 2020ರ ಆಗಸ್ಟ್ 7ರಂದು ದೇವಳಾಲಿಯಿಂದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೊರಟಿತು. ರೈಲು ಬೇಕು, ಸಂತೋಷ. ಆದರೆ ಹೊಲದಿಂದ ಡಾಂಬರು ರಸ್ತೆಯವರೆಗಿನ ಜಗ್ಗಾಟದಲ್ಲೇ, ಗೋಣಿಯ ತಳದಲ್ಲಿ ನಜ್ಜುಗುಜ್ಜಾದ ಹಣ್ಣನ್ನು ಯಾವ ರೈಲೂ ಉಳಿಸದು. ಗಾಳಿಕಂಡಿಯುಳ್ಳ ಪ್ಲಾಸ್ಟಿಕ್ ಕ್ರೇಟು ಭಾರವನ್ನು ತಾನೇ ಹೊತ್ತು ಹಣ್ಣನ್ನು ಕಾಯುತ್ತದೆ.

ಇಷ್ಟು ಸುಲಭವಾದದ್ದು ಮನೆಮನೆಗೂ ಏಕೆ ಹಬ್ಬಲಿಲ್ಲ? ಮಾರುವವನಿಗೆ ಇದರಲ್ಲಿ ಲಾಭವಿಲ್ಲ, ಉದ್ಘಾಟಿಸುವವರಿಗೆ ಇದರಲ್ಲಿ ಕೀರ್ತಿಯಿಲ್ಲ. ಜೊತೆಗೆ, ಕೋಲಾರದಂತಹ ಸೀಮೆಯಲ್ಲಿ ದಿನಕ್ಕೆರಡು ಬಾರಿ ನೀರು ಹನಿಸುವುದೂ ಹಗುರದ ಮಾತಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಂಡಿಯವನಿಂದ ಮುಂಗಡ ತಂದ ರೈತ ಹಣ್ಣನ್ನು ಎರಡು ದಿನ ಹಿಡಿದಿಟ್ಟುಕೊಳ್ಳುವ ಸ್ವಾತಂತ್ರ್ಯವನ್ನೇ ಮಾರಿಕೊಂಡಿರುತ್ತಾನೆ. ಇಟ್ಟಿಗೆಯ ಕೋಣೆ ಹಣ್ಣನ್ನು ಉಳಿಸೀತು. ಬೆಲೆಯನ್ನು ಉಳಿಸಲು ಆ ಮುಂಗಡದ ಹಂಗೂ ಹರಿಯಬೇಕು.

ಊರಿನಲ್ಲಿ ಇಂದಿಗೂ ಜಮೀನುಳ್ಳವರು ಈ ಸಭೆಯಲ್ಲಿ ಹಲವರಿದ್ದೀರಿ. ಸಂಕ್ರಾಂತಿಗೆ ಹೋದಾಗ ಹಿತ್ತಿಲಲ್ಲಿ ಇಂಥದೊಂದು ಕೋಣೆ ಕಟ್ಟಿಸಿ. ಯುಗಾದಿಯ ಬಿಸಿಲಿಗೆ ಅದು ಸಿದ್ಧವಿರುತ್ತದೆ. ಗೇಣಿಗೆ ಉಳುವವರು ಯಾರಿಂದ, ಎಷ್ಟು ಮುಂಗಡ ತಂದಿದ್ದಾರೆಂಬುದನ್ನೂ ಆಗಲೇ ಕೇಳಿ ತಿಳಿಯಿರಿ.