ಒಂದೇ ಫೇಸಿನ ಮನೆಯಲ್ಲಿ ಮೂರು ಫೇಸಿನ ಮೋಟರು



ಮಲೆನಾಡಿನ ಬಹುಪಾಲು ಒಂಟಿಮನೆಗಳಿಗೆ ತಲುಪಿರುವುದು 230 ವೋಲ್ಟಿನ ಸಿಂಗಲ್ ಫೇಸ್ ವಿದ್ಯುತ್ತು. ಆದರೆ ಪೇಟೆಯ ಕಾರ್ಖಾನೆಗಳು ಮಾರಿಬಿಡುವ ಹಳೆಯ ಲೇತ್, ಕೊರೆಯುವ ಯಂತ್ರ, ಹಿಟ್ಟಿನ ಗಿರಣಿಗಳಲ್ಲಿರುವ ಮೋಟರು ಸಾಮಾನ್ಯವಾಗಿ 415 ವೋಲ್ಟಿನ ತ್ರೀ ಫೇಸಿನದು. ಕೊಟ್ಟಿಗೆಯ ಪಕ್ಕದಲ್ಲಿ ಪುಟ್ಟ ಕಾರ್ಯಾಗಾರವೊಂದನ್ನು ಹೂಡಿ ಊರಿನಲ್ಲಿಯೇ ನೆಲೆನಿಲ್ಲಬಯಸುವ ತರುಣರಿಗೆ ಎದುರಾಗುವ ಮೊದಲ ತೊಡಕು ಇದೇ.

ತ್ರೀ ಫೇಸಿನ ಮೂರು ತಂತಿಗಳಲ್ಲಿ ವಿದ್ಯುತ್ತು 120 ಡಿಗ್ರಿಗಳ ಅಂತರದಲ್ಲಿ, ಒಂದರ ಹಿಂದೊಂದರಂತೆ ಏರಿಳಿಯುತ್ತದೆ. ಆದ್ದರಿಂದ ಮೋಟರಿನೊಳಗೆ ಕಾಂತಕ್ಷೇತ್ರವು ತಾನಾಗಿಯೇ ಸುತ್ತುತ್ತದೆ, ಬ್ರಷ್ಷಿನ ಅಗತ್ಯವಿಲ್ಲ. ಒಂದೇ ಫೇಸನ್ನು ಕೊಟ್ಟರೆ ಕ್ಷೇತ್ರವು ಸುತ್ತದೆ, ಬರಿದೇ ಮಿಡಿಯುತ್ತದೆ. ಮೋಟರು ಗುಂಯ್‌ಗುಟ್ಟುತ್ತ ನಿಂತಲ್ಲೇ ಬೆಂದುಹೋಗುತ್ತದೆ.

ಇದಕ್ಕೆ ಹಳ್ಳಿಗಳಲ್ಲಿ ರೂಢಿಯಲ್ಲಿರುವ ಮದ್ದು ಕಂಡೆನ್ಸರ್. ಅದು ಮೂರನೆಯ ಫೇಸಿನ ನೆರಳೊಂದನ್ನು ಸೃಷ್ಟಿಸುತ್ತದೆ, ಅಷ್ಟೆ. ಮೋಟರಿನ ಸಾಮರ್ಥ್ಯದ ಸುಮಾರು ಮೂರನೆಯ ಎರಡು ಭಾಗ ಮಾತ್ರ ದಕ್ಕುತ್ತದೆ, ಹೊರಡುವ ಬಲ ಕುಗ್ಗುತ್ತದೆ, ಹೊರೆ ಬದಲಾದಂತೆ ಸಮತೋಲ ತಪ್ಪುತ್ತದೆ. ನೀರಾವರಿ ಪಂಪುಗಳಿಗೆ ಹೀಗೆಯೇ ಕಂಡೆನ್ಸರ್ ಜೋಡಿಸಿ ಒಂದೇ ಫೇಸಿನಿಂದ ಎಳೆದಾಗ ಟ್ರಾನ್ಸ್‌ಫಾರ್ಮರಿನ ಮೇಲೆ ಓರೆಯಾದ ಹೊರೆ ಬೀಳುತ್ತದೆ. ಅದು ಕೆಟ್ಟರೆ ಕತ್ತಲೆ ಇಡೀ ಕೇರಿಗೆ.

ಎರಡು ಮೂರು ಅಶ್ವಶಕ್ತಿಯ ಒಂದೇ ಯಂತ್ರವುಳ್ಳ ಮನೆಗೆ ವಿ.ಎಫ್.ಡಿ. ಎಂಬ ಸಾಧನವೇ ಯೋಗ್ಯ. ಅದು ಬಂದ ವಿದ್ಯುತ್ತನ್ನು ನೇರ ಪ್ರವಾಹವಾಗಿಸಿ, ಅದರಿಂದ ಹೊಸದಾಗಿ ಮೂರು ಫೇಸುಗಳನ್ನು ಕಡೆದು ಕೊಡುತ್ತದೆ. ಇದರ ನಿಜವಾದ ಉಪಕಾರ ನೆರೆಯವರಿಗೆ. ನೇರವಾಗಿ ಚಾಲೂ ಮಾಡಿದ ಮೋಟರು ಮೊದಲ ಕ್ಷಣಗಳಲ್ಲಿ ತನ್ನ ಪೂರ್ಣ ಹೊರೆಯ ಪ್ರವಾಹದ ಆರೇಳು ಪಟ್ಟು ಎಳೆಯುತ್ತದೆ. ಗುಡ್ಡ ಹತ್ತಿಬಂದ ಉದ್ದನೆಯ ತಂತಿಯ ಕೊನೆಯಲ್ಲಿ ಆಗ 230 ವೋಲ್ಟ್ 180ಕ್ಕೆ ಕುಸಿದರೆ, ಪಕ್ಕದ ಮನೆಯಲ್ಲಿ ಓಡುತ್ತಿರುವ ಪಂಪಿನ ತಿರುಗುಬಲ ಶೇ. 61ರಷ್ಟಕ್ಕೆ ಇಳಿಯುತ್ತದೆ, ಏಕೆಂದರೆ ಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ವಿ.ಎಫ್.ಡಿ. ಮೋಟರನ್ನು ಮೆಲ್ಲಗೆ ಎಬ್ಬಿಸುವುದರಿಂದ ಈ ಹೊಡೆತವಿಲ್ಲ.

ಕೊಳ್ಳುವ ಮುನ್ನ ಮೋಟರಿನ ಹೆಸರುಫಲಕವನ್ನು ಓದಬೇಕು. ಅಂಗಡಿಯವರು ಇದನ್ನು ಹೇಳುವುದು ಅಪರೂಪ. ಸಿಂಗಲ್ ಫೇಸಿನ ಸಾಧಾರಣ ವಿ.ಎಫ್.ಡಿ. 230 ವೋಲ್ಟಿಗಿಂತ ಹೆಚ್ಚು ಕೊಡಲಾರದು. ಫಲಕದಲ್ಲಿ 415 ವೋಲ್ಟ್, ಸ್ಟಾರ್ ಎಂದಿದ್ದು, ಸುರುಳಿಗಳ ಆರೂ ತುದಿಗಳು ಪೆಟ್ಟಿಗೆಗೆ ಬಂದಿದ್ದರೆ ಅವನ್ನು ಡೆಲ್ಟಾ ಜೋಡಣೆಗೆ ಬದಲಿಸಬಹುದು. ಆಗ ಅದೇ ಮೋಟರಿಗೆ ಸುಮಾರು 240 ವೋಲ್ಟ್ ಸಾಕು. 415 ವೋಲ್ಟಿನಲ್ಲಿಯೇ ಡೆಲ್ಟಾ ಎಂದಿರುವ ದೊಡ್ಡ ಮೋಟರಿಗೆ ಈ ದಾರಿಯಿಲ್ಲ. ಅಂಥದ್ದಕ್ಕೆ ಹಾಗೂ ಹಲವು ಯಂತ್ರಗಳಿಗೆ ಕ್ರಮಬದ್ಧ ತ್ರೀ ಫೇಸ್ ಸಂಪರ್ಕವನ್ನೇ ಕೇಳಬೇಕು. ಚಿಕ್ಕದಕ್ಕೂ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕಾದೀತು.

ವಿ.ಎಫ್.ಡಿ. ಮತ್ತು ಮೋಟರಿನ ನಡುವೆ ಲೇತಿನ ಹಳೆಯ ಸ್ವಿಚ್ಚನ್ನು ಉಳಿಸಬಾರದು. ಓಡುವಾಗ ಅದನ್ನು ತೆರೆದರೆ ಸಾಧನ ಕೆಡಬಹುದು. ಅರ್ಥಿಂಗ್ ಕಡ್ಡಾಯ. ಸಂಪರ್ಕ ಕಡಿದ ಮೇಲೂ ಒಳಗಿನ ಕಂಡೆನ್ಸರುಗಳಲ್ಲಿ ಪ್ರಾಣಾಂತಕ ವೋಲ್ಟೇಜು ಉಳಿದಿರುತ್ತದೆ. ತಯಾರಕರು ಸೂಚಿಸಿದಷ್ಟು ನಿಮಿಷ ಕಾದು, ಮೀಟರಿನಿಂದ ಪರೀಕ್ಷಿಸಿದ ನಂತರವೇ ಮುಚ್ಚಳ ತೆಗೆಯತಕ್ಕದ್ದು.