ಹಿಡಿದಿಟ್ಟ ಸಂಬಳ



ಕ್ರೈಸ್ತ ವಿಶ್ವಾಸವನ್ನು ದಿನನಿತ್ಯ ಹೇಗೆ ಬಾಳುತ್ತೀರಿ ಎಂದು ಕೇಳಿದ್ದೀರಿ. ನನ್ನ ಒಂದು ತಪ್ಪನ್ನೇ ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಇಲ್ಲಿ ಮುಂಬಯಿಯಲ್ಲಿ ನಮ್ಮ ಸೊಸೈಟಿಯ ಗೇಟು ಮುಚ್ಚಿತು. ಮನೆಗೆಲಸದ ಬಾಯಿ, ನಮ್ಮ ಕಲಬುರಗಿ ಕಡೆಯವಳು, ಬರುವಂತಿರಲಿಲ್ಲ. ಕೆಲಸವಿಲ್ಲವಲ್ಲ ಎಂದು ಎರಡು ತಿಂಗಳು ಸಂಬಳ ಕೊಡಲಿಲ್ಲ.

ಚರ್ಚೂ ಮುಚ್ಚಿತ್ತು. ಭಾನುವಾರದ ಆರಾಧನೆ ಮೊಬೈಲಿನಲ್ಲಿ. ಒಂದು ವಾರ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಓದಿದರು. ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂಬ ಮಾತು ಅಲ್ಲಿದೆ. ‘ಅವಳು ಕೆಲಸವನ್ನೇ ಮಾಡಿಲ್ಲವಲ್ಲ’ ಎಂದು ಮನಸ್ಸಿನಲ್ಲೇ ವಾದಿಸಿದೆ. ಆದರೆ ಆಫೀಸಿಗೆ ಹೋಗದ ನಮ್ಮ ಯಜಮಾನರಿಗೆ ಪೂರ್ತಿ ಸಂಬಳ ಬರುತ್ತಿತ್ತು. ಗೇಟು ಮುಚ್ಚಿದ್ದು ಅವಳ ತಪ್ಪೇ?

ಅಂದೇ ಫೋನ್ ಮಾಡಿ ಕ್ಷಮೆ ಕೇಳಿ, ಎರಡೂ ತಿಂಗಳ ಹಣ ಕಳಿಸಿದೆ. “ಕಿರಾಣಿ ಅಂಗಡಿ ಉದ್ರಿ ತೀರಸ್ತೀನ್ರಿ ಅಕ್ಕಾ” ಅಂದಳು. ಬೈಯಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಈಗ ತಿಂಗಳ 1ನೇ ತಾರೀಖಿಗೇ ಸಂಬಳ. ನಾವು ಊರಿಗೆ ಹೋದ ದಿನಗಳಿಗೂ ಕಡಿತವಿಲ್ಲ. ಪ್ರಾರ್ಥನೆಗೆ ಕೂರುವ ಮೊದಲು ಈ ಲೆಕ್ಕ ನೋಡಿಕೊಳ್ಳುತ್ತೇನೆ. ನೀವೂ ಒಮ್ಮೆ ನೋಡಿಕೊಳ್ಳಿ.