ಹೊಲ ಕಾಯುವವನಿಗೆ ಯಾವ ಬಂದೂಕು?

(ಹುಣಸೂರಿನಲ್ಲಿ ಕಾಡಂಚಿನ ಹಳ್ಳಿಗಳ ರೈತರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮುಸುಕಿನ ಜೋಳದ ಹೊಲದಲ್ಲಿ ತೇವ ಉಳಿಸಿಕೊಳ್ಳುವ ಬಗೆಯನ್ನು ಕುರಿತು ಮಾತನಾಡಲೆಂದು ನಾನು ಇಲ್ಲಿಗೆ ಬಂದಿದ್ದೆ. ಆದರೆ ಊಟದ ಹೊತ್ತಿನಲ್ಲಿ ಹೆಗ್ಗಡದೇವನಕೋಟೆಯ ಕಡೆಯ ತರುಣರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮೊಬೈಲಿನಲ್ಲಿ ಒಂದು ರೈಫಲಿನ ಚಿತ್ರ ತೋರಿಸಿ, "ಸಾರ್, ತೀರಾ ದುಬಾರಿಯೂ ಅಲ್ಲ, ತೀರಾ ಅಗ್ಗವೂ ಅಲ್ಲ, ಇಂಥದ್ದೊಂದು ಬೋಲ್ಟ್ ರೈಫಲ್ ತಗೋಬೇಕು ಅಂತಿದ್ದೀನಿ. ಯಾವ ಕಂಪನಿದು ಒಳ್ಳೇದು?" ಎಂದು ಕೇಳಿದರು. ಹತ್ತಿರವಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ರಾತ್ರಿಗಳಲ್ಲಿ ಎರಡು ಎಕರೆ ಜೋಳವನ್ನು ಹಂದಿಗಳು ಮಲಗಿಸಿಹೋದ ಮೇಲೆ ಆ ಪ್ರಶ್ನೆ ಹುಟ್ಟಿದೆ. ಬೀಜ, ಗೊಬ್ಬರ, ಕೈಗಡ ಎಲ್ಲವೂ ಆ ಎರಡು ಎಕರೆಯೊಳಗೇ ಇದ್ದವು. ಆದ್ದರಿಂದ ತೇವದ ಮಾತನ್ನು ಇನ್ನೊಂದು ದಿನಕ್ಕಿಟ್ಟು, ಇಂದು ಅವರ ಪ್ರಶ್ನೆಗೇ ಉತ್ತರ ಹೇಳುತ್ತೇನೆ.

ಮೊದಲು ಆ ಚಿತ್ರದ ವಿಷಯ. ಬೋಲ್ಟ್ ರೈಫಲ್ ಎಂದರೆ ಪ್ರತಿ ಗುಂಡಿಗೂ ಕೈಯಿಂದಲೇ ಅಗುಳಿಯನ್ನು ಎಳೆದು ತಳ್ಳಬೇಕಾದ ಬಂದೂಕು. ನಮ್ಮ ಹಳೆಯ ಮನೆಗಳ ಬಾಗಿಲಿನ ಅಗುಳಿಯಂತೆಯೇ ಅದರ ಕೆಲಸ. ಭಾಗಗಳು ಕಡಿಮೆ, ಕೆಡುವುದು ಅಪರೂಪ, ಗುರಿ ನಿಖರ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳಿರುವುದರಿಂದ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುತ್ತದೆ. ಅಮೆರಿಕ, ಯುರೋಪುಗಳಲ್ಲಿ ಬೇಟೆಯ ಋತುವೆಂಬುದೊಂದಿದೆ, ಇಷ್ಟು ಪ್ರಾಣಿಗೆ ಇಷ್ಟು ಚೀಟಿ ಎಂಬ ಲೆಕ್ಕವಿದೆ. ಅಲ್ಲಿ ಇಂಥ ಕಾರ್ಖಾನೆ ರೈಫಲುಗಳನ್ನು ನಾವು ಪಂಪ್‌ಸೆಟ್ ಆರಿಸುವಂತೆ ಬೆಲೆ ನೋಡಿ ಆರಿಸುತ್ತಾರೆ. ತರುಣರ ಮೊಬೈಲಿನಲ್ಲಿದ್ದುದು ಅಂಥದೇ ಒಂದು ಅಮೆರಿಕನ್ ರೈಫಲ್. ನಮ್ಮ ದೇಶದಲ್ಲಾದರೋ 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕನಿಗೆ ವಿದೇಶಿ ಬಂದೂಕಿನ ಆಮದು ಮುಚ್ಚಿಹೋಗಿದೆ. ಸ್ಪರ್ಧೆಗಳಲ್ಲಿ ಹೆಸರು ಮಾಡಿದ ಗುರಿಕಾರರಿಗೆ ಮಾತ್ರ ವಿನಾಯಿತಿ ಉಂಟು.

ಹಾಗಾದರೆ ದೇಶಿ ರೈಫಲ್? ಉಂಟು. ಬಂಗಾಳದ ಇಚ್ಛಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲನ್ನು ನಿಮ್ಮಲ್ಲಿ ಕೆಲವರು ಬ್ಯಾಂಕಿನ ಕಾವಲುಗಾರರ ಹೆಗಲ ಮೇಲೆ ನೋಡಿರಬಹುದು. ಅದೂ ಬೋಲ್ಟ್ ರೈಫಲೇ, ಹಳೆಯ ಲೀ-ಎನ್‌ಫೀಲ್ಡ್ ಸೈನಿಕ ರೈಫಲಿನ ಮಾದರಿಯದು. ಸೇನೆಯ .303 ಗುಂಡು ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ನಿಷೇಧಿಸಿದ್ದರಿಂದ, ಅದಕ್ಕೆ ಹೊಂದದ ಬೇರೊಂದು ಅಳತೆಯಾಗಿ 8 ಮಿ.ಮೀ.ನ ಈ .315 ನಮ್ಮಲ್ಲಿ ನೆಲೆನಿಂತಿತು. ಆಳಿದವರು ಹೋದರೂ ಅವರ ಭಯದ ಅಳತೆ ಉಳಿದುಕೊಂಡಿತು ನೋಡಿ! 2021ರ ಅಕ್ಟೋಬರಿನಲ್ಲಿ ಸರ್ಕಾರಿ ಆಯುಧ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನಾಗಿ ಮಾಡಿದ ಮೇಲೆ ಇಚ್ಛಾಪುರವು ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಕಂಪನಿಯೊಂದರ ಅಡಿಗೆ ಬಂದಿದೆ. ಚಿತ್ರದಲ್ಲಿನ ರೈಫಲಿಗೆ ನಮ್ಮ ದೇಶದಲ್ಲಿ ಹತ್ತಿರದ ನೆಂಟ ಇದೇ.

ಆದರೆ ಹೊಲ ಕಾಯಲು ಇದು ದೊರೆಯುವುದೆ? ಇಲ್ಲಿ 1959ರ ಆಯುಧ ಕಾಯ್ದೆಯನ್ನು ಓದಬೇಕು. ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ: 13ನೆಯ ಕಲಮು. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬೇಕೆನ್ನುವವನಿಗೆ ಕಾನೂನು ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು, ಅಂದರೆ ನಮ್ಮ ಹಿರಿಯರ ಕೇಪಿನ ಕೋವಿಯನ್ನು. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ಒಳಮೈ ನುಣುಪಾಗಿದ್ದು ಕನಿಷ್ಠ 20 ಅಂಗುಲ ಉದ್ದದ ನಳಿಗೆಯುಳ್ಳ ತೋಟಾ ಬಂದೂಕನ್ನು ಕೊಡಬಹುದು. ಬೆಳೆ ರಕ್ಷಣೆಯ ಆ ಮಾತಿನಲ್ಲಿ ರೈಫಲ್ ಇಲ್ಲವೇ ಇಲ್ಲ.

ಇದನ್ನು ಕೇಳಿ ಅನೇಕರು ಸಿಟ್ಟಾಗುತ್ತಾರೆ. "ಡಾಕ್ಟ್ರೇ, ಒಳ್ಳೇ ಬಂದೂಕು ಪೇಟೆಯವರಿಗೆ, ತುಕ್ಕು ಹಿಡಿದಿದ್ದು ನಮಗಾ?" ಎಂದು ಪಿರಿಯಾಪಟ್ಟಣದ ಹಿರಿಯರೊಬ್ಬರು ಹಿಂದೊಮ್ಮೆ ನನ್ನನ್ನು ಕೇಳಿದ್ದರು. ಅವರ ಸಿಟ್ಟಿಗೆ ಕಾರಣವಿಲ್ಲವೆಂದು ಹೇಳಲಾರೆ. ಪರವಾನಗಿಗಾಗಿ ಅಲೆದವರಿಗೇ ಆ ಅಲೆದಾಟ ಗೊತ್ತು. ಚುನಾವಣೆ ಘೋಷಣೆಯಾದರೆ ಪರವಾನಗಿಯಿರುವ ಬಂದೂಕನ್ನೂ ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ, ಹಂದಿಗಳಿಗೆ ಮಾತ್ರ ನೀತಿಸಂಹಿತೆ ಅನ್ವಯಿಸುವುದಿಲ್ಲ. ಆದರೂ ರೈಫಲಿನ ವಿಷಯದಲ್ಲಿ ಕಾನೂನಿನ ವಿವೇಕವನ್ನು ನಾನು ಒಪ್ಪುತ್ತೇನೆ. ಒಪ್ಪುವುದಕ್ಕೆ ಭೌತಶಾಸ್ತ್ರವೂ ಕಾರಣ, ನಮ್ಮ ಮನೆಯ ಒಂದು ಘಟನೆಯೂ ಕಾರಣ.

ತೋಟಾ ಬಂದೂಕಿನ ಚರೆಗಳು 35–40 ಮೀಟರಿನವರೆಗೆ ಕೆಲಸ ಮಾಡಿ, ಆಮೇಲೆ ಚದುರಿ, ಕೆಲವು ನೂರು ಮೀಟರುಗಳೊಳಗೆ ನೆಲಕ್ಕೆ ಬೀಳುತ್ತವೆ. ರೈಫಲಿನ ಗುಂಡು ಹಾಗಲ್ಲ. ಅತಿ ಚಿಕ್ಕದಾದ .22 ಗುಂಡೇ ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ದೊಡ್ಡ ರೈಫಲಿನ ಗುಂಡು ಗುರಿ ತಪ್ಪಿದರೆ ಎರಡು ಮೂರು ಕಿಲೋಮೀಟರು ದೂರದಲ್ಲಿಯೂ ಮನುಷ್ಯನನ್ನು ಕೊಲ್ಲಬಲ್ಲದು. ಮಲೆನಾಡಿನ ಇಳಿಜಾರಿನಲ್ಲಾದರೆ ಹಿಂದೆ ಗುಡ್ಡವೊಂದು ತಡೆಯಾಗಿ ಇದ್ದರೂ ಇರಬಹುದು. ಹುಣಸೂರು, ಕೃಷ್ಣರಾಜನಗರಗಳ ಬಯಲಿನಲ್ಲಿ ಏನಿದೆ? ನಿಮ್ಮ ಜೋಳದ ಆಚೆ ಹೊಗೆಸೊಪ್ಪಿನ ಹೊಲ, ಅದರಾಚೆ ಬ್ಯಾರನ್ನು, ಬ್ಯಾರನ್ನಿನೊಳಗೆ ಇಡೀ ರಾತ್ರಿ ಉರಿ ನೋಡುತ್ತ ಕೂತ ಆಳು. ಕೆ.ಆರ್.ನಗರದ ಕಬ್ಬಿನ ಗದ್ದೆಯಲ್ಲಿ ಮಧ್ಯರಾತ್ರಿ ನೀರು ತಿರುಗಿಸಲು ಹೋದವನ ತಲೆ ಸೂಲಂಗಿಯ ಮೇಲೆ ಕಾಣುವುದೂ ಇಲ್ಲ. ಮೂರು ಫೇಸ್ ಕರೆಂಟು ರಾತ್ರಿ ಬರುವಷ್ಟು ಕಾಲವೂ ರೈತನು ರಾತ್ರಿ ಹೊಲದಲ್ಲಿರುತ್ತಾನೆ.

ಈಗ ಮನೆಯ ಮಾತು. ನಮ್ಮ ತಂದೆಯವರ ಕಾಲದಲ್ಲಿ ನಮ್ಮಲ್ಲೊಂದು ಕೇಪಿನ ಕೋವಿಯಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ನನ್ನ ಸೋದರ ಸಂಬಂಧಿಯೊಬ್ಬ ಗದ್ದೆಯ ಅಟ್ಟಣೆಯಲ್ಲಿ ಕಾವಲಿದ್ದ. ಬದುವಿನ ಹತ್ತಿರ ಸರಬರ ಸದ್ದಾಯಿತು. ಎರಡು ಸಲ ಕೂಗಿದನಂತೆ, ಉತ್ತರ ಬರಲಿಲ್ಲವಂತೆ. ಹಾರಿಸಿಬಿಟ್ಟ. ಅಲ್ಲಿದ್ದವರು ನಮ್ಮ ಚಿಕ್ಕಪ್ಪ. ತೂಬು ಕಟ್ಟಲು ಬಗ್ಗಿದ್ದರು, ಕಿವಿ ಸ್ವಲ್ಪ ಮಂದ. ಚರೆಗಳು ತೊಡೆಗೆ ಹೊಕ್ಕವು. ಬದುಕಿದರು, ಆದರೆ ಕೊನೆಯವರೆಗೂ ಕುಂಟುತ್ತಲೇ ನಡೆದರು. ಹಾರಿಸಿದವನು ಮತ್ತೆಂದೂ ಅವರ ಎದುರಿಗೆ ಕೂತು ಉಣ್ಣಲಿಲ್ಲ. ಅಂದು ಅವನ ಕೈಯಲ್ಲಿ .315 ಇದ್ದಿದ್ದರೆ ಚಿಕ್ಕಪ್ಪ ಕುಂಟುವುದಕ್ಕೂ ಉಳಿಯುತ್ತಿರಲಿಲ್ಲ. ಬಂದೂಕಿನ ಮಾತು ಬಂದಾಗಲೆಲ್ಲ ನನಗೆ ಬೆಲೆ, ಕಂಪನಿಗಳಿಗಿಂತ ಮೊದಲು ಆ ತೂಬು ನೆನಪಾಗುತ್ತದೆ.

ನಮ್ಮ ತಾಲ್ಲೂಕುಗಳಿಗೆ ಇನ್ನೊಂದು ಕಟ್ಟುಪಾಡೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನಂತೆ ಅಭಯಾರಣ್ಯದ ಸುತ್ತ 10 ಕಿ.ಮೀ.ಯೊಳಗೆ ಬಂದೂಕು ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಆ ವಲಯದಲ್ಲಿ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ವೀರನಹೊಸಹಳ್ಳಿ, ಹನಗೋಡು, ಅಂತರಸಂತೆಯ ಕಡೆಯವರು ನಾಗರಹೊಳೆಯಿಂದ ಎಷ್ಟು ದೂರದಲ್ಲಿದ್ದೀರೆಂದು ನಾನು ಹೇಳಬೇಕಾಗಿಲ್ಲ. ಹುಣಸೂರು ತಾಲ್ಲೂಕಿನಲ್ಲಿ ಅರಬಿತಿಟ್ಟು ಅಭಯಾರಣ್ಯವೂ ಇದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಅದನ್ನು ನೋಡಿ ಗಡಿಯ ಈಚೆಗೂ ಹಾಗೆಯೇ ಎಂದು ಪಿರಿಯಾಪಟ್ಟಣದ ಗೆಳೆಯರು ಭಾವಿಸಬಾರದು.

ಬಂದೂಕು ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯುವ ಹಕ್ಕು ಬರುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯಕಾರಿಯಾದರೆ 11ನೆಯ ಕಲಮಿನಡಿ ಅಧಿಕೃತ ಅಧಿಕಾರಿ ಕಾರಣ ದಾಖಲಿಸಿ, ಬರಹದಲ್ಲಿ ಅನುಮತಿ ಕೊಡಬಹುದು. ಆ ಕಾಗದವಿಲ್ಲದೆ ಹಾರಿಸಿದರೆ ಅದು ಬೇಟೆ. ಆನೆ, ನವಿಲುಗಳು ಮೊದಲನೆಯ ಅನುಸೂಚಿಯವು. ಬೆಳೆಯ ಕಾರಣಕ್ಕಾಗಿ ಅವುಗಳ ಕಡೆಗೆ ನಳಿಗೆ ತಿರುಗಿಸುವ ಮಾತೇ ಇಲ್ಲ.

ಇಷ್ಟಾದರೂ ನ್ಯಾಯವಾಗಿ ಪರವಾನಗಿ ಪಡೆದು ಬಂದೂಕು ಇಟ್ಟುಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಹನ್ನೆರಡು ಬೋರಿನ ಒಂಟಿ ನಳಿಗೆಯ ಸಾದಾ ತೋಟಾ ಬಂದೂಕು ಸಾಕು. ಒಂದೇ ತೋಟಾ ಹಿಡಿಯುವ ಬಂದೂಕು ಮನುಷ್ಯನನ್ನು ಯೋಚಿಸುವಂತೆ ಮಾಡುತ್ತದೆ. ಹಳೆಯದನ್ನು ಕೊಳ್ಳುವಿರಾದರೆ ಮಡಿಸಿ ತೆರೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ತಗ್ಗು, ತುಕ್ಕಿನ ಗುಳಿ, ಉಬ್ಬು ಕಂಡರೆ ಬಿಟ್ಟು ಬನ್ನಿ. ಮುಚ್ಚಿದಾಗ ಸಂದಿಯಲ್ಲಿ ಅಲುಗಾಟವಿದ್ದರೂ ಬೇಡ. ಹೆಗಲಿಗೆ ಒತ್ತುವ ಮರದ ಹಿಡಿ ನಿಮ್ಮ ತೋಳಿನ ಉದ್ದಕ್ಕೆ ಹೊಂದಬೇಕು. ಮಳೆಗಾಲದಲ್ಲಿ ತೇವ ಹೀರಿದ ಹಳೆಯ ತೋಟಾಗಳನ್ನು ಬಳಸಬೇಡಿ. ಸಿಡಿಯದಿದ್ದರೆ ಕೂಡಲೇ ತೆರೆಯದೆ, ನಳಿಗೆಯನ್ನು ನೆಲದ ಕಡೆ ಹಿಡಿದು ಅರ್ಧ ನಿಮಿಷ ಕಾಯಿರಿ. 2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿಯನ್ನು ಕೇಳುತ್ತವೆ. ಅದನ್ನು ಕಾಗದದ ಶಾಸ್ತ್ರವೆಂದು ತಿಳಿಯದೆ ನಿಜವಾಗಿ ಕಲಿಯಿರಿ. ತೋಟಾ ಒಂದು ಬೀಗದಲ್ಲಿ, ಬಂದೂಕು ಇನ್ನೊಂದು ಬೀಗದಲ್ಲಿ ಇರಲಿ. ಮನೆಯಲ್ಲಿ ಕುಡಿತವಿದ್ದರೆ, ಅಥವಾ ಮನಸ್ಸು ಕುಗ್ಗಿದವರಿದ್ದರೆ, ಬಂದೂಕೇ ಬೇಡ. ಸಾಲದ ವರ್ಷಗಳಲ್ಲಿ ಹೊಗೆಸೊಪ್ಪಿನ ಸೀಮೆ ಏನು ಕಂಡಿದೆಯೆಂಬುದು ನಿಮಗೆ ತಿಳಿದಿದೆ.

ಬಂದೂಕು ಸಿಗಲಿಲ್ಲವೆಂದು ಕೆಲವರು ಹಿಡಿಯುವ ದಾರಿ ಇನ್ನೂ ಘೋರವಾದುದು: ಉರುಳು, ಹಣ್ಣಿನೊಳಗಿನ ಸಿಡಿಮದ್ದು, ಕಂಬದಿಂದ ನೇರ ಎಳೆದ ತಂತಿ. ಸೋಲಾರ್ ಬೇಲಿಯದು ಕ್ಷಣಮಾತ್ರದ ಹೊಡೆತ, ಬೆದರಿಸಿ ಬಿಡುತ್ತದೆ. ಕಂಬದ ಕರೆಂಟು ಹಿಡಿದರೆ ಬಿಡುವುದಿಲ್ಲ. ಅದು ಆನೆ, ಹಂದಿ, ಪಕ್ಕದ ಮನೆಯ ಮಗು ಎಂದು ನೋಡುವುದೂ ಇಲ್ಲ.

ಕೃಷಿ ವಿಜ್ಞಾನಿಯಾಗಿ ನಾನು ಹೇಳಬಲ್ಲುದು ಹಂದಿಯ ಮೂಗಿನ ಬಗ್ಗೆ. ಅದರ ಕಣ್ಣು ಮಂದ, ಮೂಗು ಅಸಾಧಾರಣ. ಸುಮಾರು ನಾಲ್ಕು ತಿಂಗಳ ಗರ್ಭದ ಬಳಿಕ ಒಂದೇ ಸೂಲಿನಲ್ಲಿ ನಾಲ್ಕಾರು ಮರಿ ಹಾಕುವ ಪ್ರಾಣಿಯನ್ನು ಅಲ್ಲೊಂದು ಇಲ್ಲೊಂದು ಹೊಡೆದು ಮುಗಿಸಲಾಗದು. ಲಕ್ಷಗಟ್ಟಲೆ ಬೇಟೆಗಾರರೂ ಒಳ್ಳೊಳ್ಳೆಯ ಬೋಲ್ಟ್ ರೈಫಲುಗಳೂ ಇರುವ ಯುರೋಪಿನಲ್ಲೇ ಕಾಡುಹಂದಿಗಳ ಸಂಖ್ಯೆ ದಶಕಗಳಿಂದ ಏರುತ್ತಲೇ ಇದೆ. ಮೂಗನ್ನು ಮೋಸಗೊಳಿಸುವುದೇ ಅಗ್ಗದ ದಾರಿ. ಜೋಳದ ಸುತ್ತ ನಾಲ್ಕು ಸಾಲು ಹರಳು ಒತ್ತಾಗಿ ಹಾಕಿದರೆ ಜೋಳದ ವಾಸನೆ ಮರೆಯಾಗುತ್ತದೆ, ಹರಳನ್ನು ಹಂದಿ ತಿನ್ನುವುದೂ ಇಲ್ಲ. ಕಡಲೆಕಾಯಿಯ ಸುತ್ತ ಕುಸುಬೆಯ ಮುಳ್ಳಿನ ಸಾಲು ನಡೆಯುತ್ತದೆ. ಕ್ಷೌರದಂಗಡಿಯ ಕೂದಲನ್ನು ಬದುವಿನಗುಂಟ ಚೆಲ್ಲುವುದನ್ನು ನೋಡಿ ಮೊದಲು ನಾನೂ ನಕ್ಕಿದ್ದೆ. ನೆಲ ಮೂಸುವ ಹಂದಿಯ ಮೂಗಿಗೆ ಕೂದಲು ಸಿಕ್ಕಿ ಕಿರಿಕಿರಿಯಾಗುತ್ತದೆ, ಕೆಲವು ವಾರ ಫಲ ಕೊಡುತ್ತದೆ. ಮಳೆ ಬಂದರೆ ಮತ್ತೆ ಹಾಕಬೇಕು. ಇವು ಯಾವುವೂ ಆನೆಗೆ ಸಾಟಿಯಲ್ಲ. ಆನೆಗೆ ಕಂದಕ, ರೈಲುಹಳಿಯ ತಡೆಬೇಲಿ, ಊರೊಟ್ಟಿನ ಕಾವಲು ಬೇಕು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಮಾರ್ಚಿನಲ್ಲಿ ನಾಗರಹೊಳೆಯ ಕೊಡಗಿನ ಅಂಚಿನಲ್ಲಿ ಜೇನುಪೆಟ್ಟಿಗೆಗಳ ಬೇಲಿಯನ್ನು ಪ್ರಯೋಗಕ್ಕೆ ಹಚ್ಚಿತು. ಜೇನಿಗೆ ಆನೆ ಅಂಜುವುದು ನಿಜ, ಆದರೆ ಪೆಟ್ಟಿಗೆಯಲ್ಲಿ ಹುಳು ನಿಲ್ಲುವಂತೆ ನೋಡಿಕೊಳ್ಳುವ ಕೈ ಬೇಕು.

ನಷ್ಟವಾದ ಮೇಲೆ ಪರಿಹಾರದ ಅರ್ಜಿ ಹಾಕದೆ ಬಿಡುವವರೇ ಹೆಚ್ಚು. ಮೊತ್ತ ಚಿಕ್ಕದು, ಓಡಾಟ ದೊಡ್ಡದು ಎಂಬುದು ನಿಜ. 2015ರಿಂದ ಬಂಡೀಪುರ, ನಾಗರಹೊಳೆಗಳ ಸುತ್ತ ವೈಲ್ಡ್ ಸೇವೆಯ ಕಾರ್ಯಕರ್ತರು ಕರೆ ಮಾಡಿದರೆ ಹೊಲಕ್ಕೇ ಬಂದು ಅರ್ಜಿ ತುಂಬಿಸುತ್ತಿದ್ದಾರೆ. ಕಾಲೇಜಿನ ಮಕ್ಕಳು ತಮ್ಮೂರಿನಲ್ಲಿ ಈ ಕೆಲಸಕ್ಕೆ ನಿಲ್ಲಬಹುದು. ಹೊಲದ ಫೋಟೊ, ಪಹಣಿಯ ಪ್ರತಿ, ಬ್ಯಾಂಕಿನ ಪುಸ್ತಕ, ಒಂದು ಬೆಳಗಿನ ಹೊತ್ತು ಇದ್ದರೆ ಆಯಿತು. ದಾಖಲಾಗದ ನಷ್ಟ ಸರ್ಕಾರದ ಲೆಕ್ಕದಲ್ಲಿ ಆಗಿಯೇ ಇಲ್ಲ. 11ನೆಯ ಕಲಮಿನ ಅನುಮತಿಯನ್ನು ಕೇಳುವ ದಿನ ಬಂದರೂ ಆ ದಾಖಲೆಗಳೇ ನಿಮ್ಮ ಪರವಾಗಿ ಮಾತನಾಡಬೇಕು.

ಪ್ರಶ್ನೆ ಕೇಳಿದ ತರುಣರು ಹಿಂದಿನ ಸಾಲಿನಲ್ಲಿದ್ದಾರೆ. ತಮ್ಮಾ, ರೈಫಲಿಗೆಂದು ಎತ್ತಿಟ್ಟ ಹಣದಲ್ಲಿ ನಿಮ್ಮ ಎರಡು ಎಕರೆಯ ಪಕ್ಕದವರನ್ನೂ ಸೇರಿಸಿಕೊಂಡು ಒಂದೇ ಸೋಲಾರ್ ಬೇಲಿ ಹಾಕಲು ಎಷ್ಟಾಗುತ್ತದೆಂದು ಇಂದು ಸಂಜೆ ಕೂತು ಲೆಕ್ಕ ಮಾಡೋಣ. ಒಬ್ಬೊಬ್ಬರೇ ಹಾಕಿಕೊಂಡರೆ ಹಂದಿ ಪಕ್ಕದ ಹೊಲಕ್ಕೆ ಹೋಗುತ್ತದೆ, ಜಗಳ ನಿಮ್ಮ ಮನೆಗೆ ಬರುತ್ತದೆ. ಜೀಪಿನಲ್ಲಿ ಎರಡು ಚೀಲ ಹರಳು ಬೀಜ ತಂದಿದ್ದೇನೆ. ಬೇಕಾದವರು ಎಕರೆ ಎಷ್ಟೆಂದು ಹೆಸರಿನೊಂದಿಗೆ ಬರೆಸಿ ಒಯ್ಯಬಹುದು.